ಬೆಳಿಗ್ಗೆ ಪಾಠ, ಮಧ್ಯಾಹ್ನ ಅದೇ ತಲೆನೋವು

12 ನವೆಂಬರ್ 2024, ಮಂಗಳವಾರ

ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಇವತ್ತು ಡೆಡ್‌ಲಾಕ್, ಅಂದರೆ ಪ್ರೋಗ್ರಾಮ್‌ಗಳು ಒಂದನ್ನೊಂದು ಕಾಯುತ್ತ ಎಲ್ಲವೂ ನಿಂತುಬಿಡುವುದು. ಮ್ಯೂಚುವಲ್ ಎಕ್ಸ್‌ಕ್ಲೂಷನ್, ಹೋಲ್ಡ್ ಆ್ಯಂಡ್ ವೇಟ್, ನೋ ಪ್ರಿಎಂಪ್ಶನ್, ಸರ್ಕ್ಯುಲರ್ ವೇಟ್ (ಸುತ್ತು ಹಾಕಿ ಒಂದನ್ನೊಂದು ಕಾಯುವುದು). 1971ರಿಂದ ಎಲ್ಲರೂ ಬಾಯಿಪಾಠ ಮಾಡುತ್ತಿರುವ ಕಾಫ್‌ಮನ್ ಷರತ್ತುಗಳು. ನಾಲ್ಕೂ ಒಟ್ಟಿಗೆ ಇದ್ದರೆ ಮಾತ್ರ ಡೆಡ್‌ಲಾಕ್. ಬರೆದುಕೊಂಡೆ, ಪುಟ ಮಗುಚಿದೆ.

ಮಧ್ಯಾಹ್ನ ಇಂಟರ್ನ್‌ಶಿಪ್‌ಗೆ ಹೋದರೆ ಪ್ರೋಗ್ರಾಮಿನ ಲಾಗ್ ತುಂಬ ಡೆಡ್‌ಲಾಕ್ ಅನ್ನುವ ಅದೇ ಪದ! ಟೆಸ್ಟ್‌ಗಳನ್ನು ಒಂದೊಂದಾಗಿ ಓಡಿಸಿದರೆ ಪಾಸು, ಒಟ್ಟಿಗೆ ಓಡಿಸಿದರೆ ಆಗಾಗ ಫೇಲು. ಕೂತು ನೋಡಿದೆ. ಆರ್ಡರ್ ಹಾಕುವ ಕೋಡ್ ಮೊದಲು ಡೇಟಾಬೇಸಿನ ಆರ್ಡರ್ ಸಾಲನ್ನು ಲಾಕ್ ಮಾಡಿ (ಬೇರೆ ಕೋಡ್ ಬದಲಿಸದಂತೆ ಹಿಡಿದಿಟ್ಟು) ಆಮೇಲೆ ಸ್ಟಾಕ್ ಕೇಳುತ್ತದೆ. ಕ್ಯಾನ್ಸಲ್ ಮಾಡುವ ಕೋಡ್ ತದ್ವಿರುದ್ಧ. ಇದು ಅದನ್ನು ಕಾಯುತ್ತದೆ, ಅದು ಇದನ್ನು. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಡೀಫಾಲ್ಟಾಗಿ ಒಂದು ಸೆಕೆಂಡ್ ಸುಮ್ಮನಿದ್ದು, ಆಮೇಲೆ ಇಂಥ ಸುತ್ತು ಇದೆಯಾ ಎಂದು ಹುಡುಕಿ, ಕಾಯುತ್ತಿರುವವುಗಳಲ್ಲಿ ಒಂದರ ಕೆಲಸವನ್ನು (ಟ್ರಾನ್ಸಾಕ್ಷನ್) ರದ್ದು ಮಾಡುತ್ತದೆ.

"ಎರಡು ಕಡೆನೂ ಒಂದೇ ಕ್ರಮದಲ್ಲಿ ಲಾಕ್ ತಗೊಂಡು ನೋಡು" ಎಂದರು ಮೆಂಟರ್ ಮೇಡಂ. ಕೋಡಿನ ಸಾಲು ಹಿಂದೆ ಮುಂದೆ ಮಾಡಿದೆ. ಸರ್ಕ್ಯುಲರ್ ವೇಟ್ ಮುರಿಯಿತು, ಟೆಸ್ಟ್ ಎಲ್ಲ ಹಸಿರು. ಈ ನಾಲ್ಕನೇ ಷರತ್ತನ್ನು ಇನ್ನು ಯಾರೂ ನನಗೆ ಬಾಯಿಪಾಠ ಮಾಡಿಸಬೇಕಿಲ್ಲ.

ಆದರೆ ಇಂಥ ಅದೃಷ್ಟ ಒಂದೇ ಸಬ್ಜೆಕ್ಟಿಗೆ. ಇಂಟರ್ನ್‌ಶಿಪ್ ಮಾಡಿದರೆ ಓದು ತಾನಾಗೇ ಬರುತ್ತೆ ಅನ್ನುವ ಸೀನಿಯರ್‌ಗಳು ಗಣಿತದ ಫೂರಿಯರ್ ಸರಣಿಯ (ಫಂಕ್ಷನ್ನನ್ನು ಸೈನ್, ಕೊಸೈನ್ ಪದಗಳ ಮೊತ್ತವಾಗಿ ಬರೆಯುವುದು) ಮಾತೇ ಎತ್ತುವುದಿಲ್ಲ, ಅಲ್ವಾ? ಸಮ ಫಂಕ್ಷನ್ ಆದರೆ ಸೈನ್ ಪದಗಳೆಲ್ಲ ಸೊನ್ನೆ, ಅಷ್ಟು ಗೊತ್ತು. ಇಂಟಿಗ್ರೇಷನ್ ಬೈ ಪಾರ್ಟ್ಸ್ ಶುರುವಾದರೆ ಮೈನಸ್ ಚಿಹ್ನೆ ಎಲ್ಲೋ ಮಾಯ. ಸಂಜೆ ಪುಸ್ತಕದ ಮುಂದೆ ಎರಡು ಗಂಟೆ ಇತ್ತು. ತಲೆ ಮಾತ್ರ ಇನ್ನೂ ಲಾಕ್‌ಗಳ ಹತ್ತಿರವೇ. ಟೈಮ್ ಮ್ಯಾನೇಜ್ ಮಾಡು ಅನ್ನೋದು ಸುಲಭ. ಸಮಯ ಹೇಗೋ ಸಿಗುತ್ತದೆ, ತಲೆಯನ್ನು ಅಲ್ಲಿಂದ ಕಿತ್ತು ಇಲ್ಲಿಗೆ ತರುವುದೇ ಕಷ್ಟ.

ಕೆಲಸಕ್ಕೆ ಒಂದು ಉಪಾಯ ಇದೆ. ಹೊರಡುವ ಮುಂಚೆ ಯಾವ ಫೈಲ್, ಮುಂದೆ ಏನು ಓಡಿಸಬೇಕು ಅಂತ ಗೀಚಿಟ್ಟರೆ ಮರುದಿನ ಅಲ್ಲಿಂದಲೇ ಹಿಡಿಯಬಹುದು. ಲೆಕ್ಕಕ್ಕೆ ಅದು ನಡೆಯಲ್ಲ. ಅರ್ಧಕ್ಕೆ ಬಿಟ್ಟ ಇಂಟಿಗ್ರಲ್ ಅನ್ನು ಮೊದಲಿಂದಲೇ ಮಾಡಬೇಕು.

ಇಂಟರ್ನಲ್ಸ್ ತಾರೀಕು ಮೇಡಂಗೆ ಹೇಳಿದೆ. "ಮೊದಲೇ ಹೇಳಿದ್ದು ಒಳ್ಳೇದಾಯ್ತು, ಆ ವಾರ ಚಿಕ್ಕ ಕೆಲಸ ಕೊಡ್ತೀನಿ" ಎಂದರು. ಕಾಲೇಜಿನಲ್ಲಿ ಹಾಗೆ ಕೇಳುವಂತಿಲ್ಲ, ಅಟೆಂಡೆನ್ಸ್ 75ಕ್ಕಿಂತ ಇಳಿಯಬಾರದು. ಲ್ಯಾಬ್ ರೆಕಾರ್ಡ್ ಬೇರೆ ಬಾಕಿ. ಅದನ್ನು ಇವತ್ತೇ ಮುಗಿಸಿ, ಫೂರಿಯರ್ ನಾಳೆ ಬೆಳಿಗ್ಗೆ, ಲ್ಯಾಪ್‌ಟಾಪ್ ತೆರೆಯುವ ಮುಂಚೆ.