ಮ್ಯಾಂಜನಾರ್‌ನಲ್ಲಿ ನೋಡೋಕೆ ಏನಿದೆ?

ಊರಿಂದ ಯಾರೇ ಬರಲಿ, ನಾನು ಅವರನ್ನು ಮ್ಯಾಂಜನಾರ್‌ಗೆ ಕರೆದುಕೊಂಡು ಹೋಗುತ್ತೇನೆ ಅಂತ ಇಲ್ಲಿ ಅಮೆರಿಕದ ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಸರ್ಕಾರ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಶಿಬಿರ ಅದು. ಅವರೆಲ್ಲ ಕೇಳುವುದೂ ಒಂದೇ. "ಅಷ್ಟು ದೂರ ಹೋಗಿ ಆ ಬೋಳು ಬಯಲಲ್ಲಿ ನೋಡೋಕೆ ಏನಿದೆ? ಯೋಸೆಮಿಟಿ ಇದೆ, ವೇಗಸ್ ಇದೆ. ರಜೆಗೆ ಬಂದವರಿಗೆ ಜೈಲು ಯಾಕೆ ತೋರಿಸ್ತೀರಿ?"

ನನ್ನ ಉತ್ತರ ಸ್ವಲ್ಪ ಉದ್ದ ಇದೆ.

ಮೊದಲು, ಗೊತ್ತಿಲ್ಲದವರಿಗೆ ಎರಡು ಮಾತು. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಅದರ ಬಲದ ಮೇಲೆ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದವರನ್ನೆಲ್ಲ ಸೈನ್ಯ ಮನೆ ಬಿಡಿಸಿತು. ಸುಮಾರು 1,20,000 ಜನ. ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕೈಯಲ್ಲಿ ಹಿಡಿಯುವಷ್ಟು ಸಾಮಾನು ಮಾತ್ರ ತರಬಹುದಿತ್ತು, ಬಟ್ಟೆಗೆ ಕುಟುಂಬದ ನಂಬರಿನ ಚೀಟಿ ಕಟ್ಟಿಕೊಳ್ಳಬೇಕಿತ್ತು. ಅಂಗಡಿ, ದೋಣಿ, ಟ್ರಕ್ಕು ಎಲ್ಲ ಸಿಕ್ಕಿದ ಬೆಲೆಗೆ ಮಾರಿ ಹೊರಟರು. ಅವರಿಗಾಗಿ ಹತ್ತು ಶಿಬಿರ ಕಟ್ಟಿದರು. ಅದರಲ್ಲಿ ಒಂದು, ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯಲ್ಲಿ, ಸಿಯೆರಾ ನೆವಾಡಾ ಬೆಟ್ಟಸಾಲಿನ ಬುಡದಲ್ಲಿರುವ ಮ್ಯಾಂಜನಾರ್. 395ನೇ ಹೆದ್ದಾರಿಯ ಪಕ್ಕದಲ್ಲೇ ಇದೆ, ಲೋನ್ ಪೈನ್ ದಾಟಿದ ಮೇಲೆ ಸಿಗುತ್ತದೆ. ಒಂದು ಕಾಲಕ್ಕೆ ಅಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಜನ ಇದ್ದರು.

ಈಗ ಹೋದರೆ ಕಾಣುವುದು ಕುರುಚಲು ಗಿಡ, ಮರಳು, ಗಾಳಿ. ಏನೂ ಇಲ್ಲ ಅನ್ನಿಸುವುದು ನಿಜ. ಆದರೆ ಏನು ಉಳಿದಿದೆ, ಏನು ಉಳಿದಿಲ್ಲ ಅಂತ ಒಂದು ಸಲ ನಿಂತು ನೋಡಿ. ಸರ್ಕಾರ ಕಟ್ಟಿದ್ದು ಹಲಗೆ ಮತ್ತು ಡಾಂಬರು ಕಾಗದದ ನೂರಾರು ಬ್ಯಾರಕ್. ಯುದ್ಧ ಮುಗಿದು 1945ರ ನವೆಂಬರ್‌ನಲ್ಲಿ ಶಿಬಿರ ಮುಚ್ಚಿದ ಮೇಲೆ ಅದನ್ನೆಲ್ಲ ಮಾರಿ, ಬಿಚ್ಚಿ, ಸಾಗಿಸಿಬಿಟ್ಟರು. ಈಗಿರುವ ಬ್ಯಾರಕ್‌ಗಳೂ ಕಾವಲು ಗೋಪುರವೂ ತೋರಿಸೋಕೆ ಅಂತ ಮತ್ತೆ ಕಟ್ಟಿದ್ದು. ಇನ್ನು ಬಾಗಿಲಲ್ಲಿ ನಿಂತಿರುವ ಕಲ್ಲಿನ ಕಾವಲು ಕೊಠಡಿಗಳು? ಅವು ಅಸಲಿ, ಕಟ್ಟಿದವರು ರ್‍ಯೋಜೋ ಕಾಡೋ ಅನ್ನುವ ಕಲ್ಲುಕೆಲಸದವರು, ಸ್ವತಃ ಅಲ್ಲಿನ ಬಂದಿ. ಸ್ಮಶಾನದಲ್ಲಿರುವ ಬಿಳಿ ಸ್ತಂಭವನ್ನೂ 1943ರಲ್ಲಿ ಕಟ್ಟಿದವರು ಅವರೇ. ಈಗ ವಿಸಿಟರ್ ಸೆಂಟರ್ ಆಗಿರುವ ದೊಡ್ಡ ಹಾಲ್ 1944ರಲ್ಲಿ ಬಂದಿಗಳೇ ದುಡಿದು ಎಬ್ಬಿಸಿದ ಶಾಲೆಯ ಸಭಾಂಗಣ. ಮರಳಿನಡಿಯಿಂದ ಈಗ ಅಗೆದು ತೆಗೆಯುತ್ತಿರುವ ತೋಟ, ಕೊಳ, ಕಲ್ಲಿನ ಜೋಡಣೆ ಎಲ್ಲವೂ ಅವರದ್ದು. ಅಂದರೆ ಅವರನ್ನು ಕೂಡಿಹಾಕೋಕೆ ಕಟ್ಟಿದ್ದು ಹೋಯಿತು. ಕೂಡಿಹಾಕಿಸಿಕೊಂಡವರು ಮಾಡಿದ್ದು ನಿಂತಿದೆ. ನಾನು ಜನರನ್ನು ಕರೆದುಕೊಂಡು ಹೋಗುವುದು ಇದನ್ನು ತೋರಿಸೋಕೆ.

ಆ ತೋಟಗಳಲ್ಲಿ ಜಾಸ್ತಿಯವು ಊಟದ ಹಾಲ್‌ಗಳ ಪಕ್ಕದಲ್ಲೇ ಇವೆ. ಕಾರಣ ಕೇಳಿದರೆ ಕರುಳು ಚುರುಕ್ ಅನ್ನುತ್ತದೆ. ದಿನಕ್ಕೆ ಮೂರು ಹೊತ್ತು ಊಟಕ್ಕೆ ಧೂಳಲ್ಲಿ ಸಾಲು ನಿಲ್ಲಬೇಕಿತ್ತು. ನಿಂತವರ ಕಣ್ಣಿಗೆ ಏನಾದರೂ ತಂಪಾಗಿ ಕಾಣಲಿ ಅಂತ 22ನೇ ಬ್ಲಾಕಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಯುವೆನೋ ಕೊಳ ತೋಡಿಸಿದರು. ಅದನ್ನು ನೋಡಿ ಬೇರೆ ಬ್ಲಾಕಿನವರೂ ಶುರುಮಾಡಿದರು. ಇದೇ ಯುವೆನೋ ಬಂದಿಗಳ ಪಾಲಿನ ಸಕ್ಕರೆ, ಮಾಂಸ ಅಧಿಕಾರಿಗಳ ಕೈಯಲ್ಲಿ ಕಳವಾಗುತ್ತಿದೆ ಅಂತ ದೂರಿದವರು. 1942ರ ಡಿಸೆಂಬರ್‌ನಲ್ಲಿ, ಇನ್ನೊಬ್ಬ ಬಂದಿಯನ್ನು ಹೊಡೆದರು ಅನ್ನುವ ಆರೋಪದ ಮೇಲೆ ಅವರನ್ನು ಹಿಡಿದರು. ಅವರನ್ನು ಬಿಡಿ ಅಂತ ಜನ ಸೇರಿದರು. ಸೈನಿಕರು ಗುಂಡು ಹಾರಿಸಿದರು, ಇಬ್ಬರು ಹುಡುಗರು ಸತ್ತರು. ಒಬ್ಬನಿಗೆ ಇನ್ನೂ 17 ವರ್ಷ.

ನಮ್ಮ ಅತ್ತೆ ಬಂದಾಗ ಈ ಇತಿಹಾಸವನ್ನೆಲ್ಲ ಸುಮ್ನೆ ಕೇಳಿಸಿಕೊಂಡರು. ಅವರನ್ನು ತಡೆದು ನಿಲ್ಲಿಸಿದ್ದು ಹೆಂಗಸರ ಶೌಚಾಲಯ. ಇದನ್ನೂ ಮೊದಲಿನ ಹಾಗೇ ಮತ್ತೆ ಕಟ್ಟಿದ್ದಾರೆ. ಕಮೋಡುಗಳ ಸಾಲು, ಒಂದಕ್ಕೊಂದು ಬೆನ್ನು ಹಾಕಿಕೊಂಡು. ನಡುವೆ ಗೋಡೆ ಇಲ್ಲ, ಬಾಗಿಲಿಲ್ಲ, ಒಂದು ಪರದೆ ಕೂಡ ಇಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡು ಕೇಳಿದರು, "ಇಷ್ಟು ಜನರ ಮುಂದೆ ಹೇಗಮ್ಮ ಕೂರ್ತಿದ್ರು?" ಕೆಲವರು ರಟ್ಟಿನ ಡಬ್ಬ ತಂದು ಮರೆ ಮಾಡಿಕೊಳ್ಳುತ್ತಿದ್ದರು, ಕೆಲವರು ನಡುರಾತ್ರಿ ಯಾರೂ ಇಲ್ಲದಾಗ ಬರುತ್ತಿದ್ದರು. ಆಮೇಲೆ ಬ್ಯಾರಕ್ಕಿನಲ್ಲಿ ಹುಲ್ಲು ತುಂಬಿದ ಹಾಸಿಗೆ ನೋಡಿದಾಗಲೂ, ನೆಲದ ಹಲಗೆಯ ತೂತಿನಿಂದ ಮರಳು ಬಾರದಿರಲಿ ಅಂತ ಡಬ್ಬದ ಮುಚ್ಚಳ ಹೊಡೆಯುತ್ತಿದ್ದರು ಅಂತ ಹೇಳಿದಾಗಲೂ ಅತ್ತೆ ಆ ಹೆಂಗಸರ ಬಗ್ಗೆಯೇ ಕೇಳುತ್ತಿದ್ದರು. 20 ಅಡಿಗೆ 25 ಅಡಿ ಕೋಣೆ, ಒಂದರಲ್ಲಿ ಎಂಟು ಜನ. ಎಷ್ಟೋ ಸಲ ಗುರುತಿಲ್ಲದ ಕುಟುಂಬದ ಜೊತೆ.

ಯಾರಾದರೂ ಒಬ್ಬರು ಇದನ್ನೂ ಕೇಳಿಯೇ ಕೇಳುತ್ತಾರೆ: "ಯುದ್ಧದ ಟೈಮು, ಅನುಮಾನ ಬರೋದು ಸಹಜ ಅಲ್ವಾ?" ದಾಳಿ ನಡೆದದ್ದು ಹವಾಯಿಯಲ್ಲಿ. ಅಲ್ಲಿನ ಜನಸಂಖ್ಯೆಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜಪಾನಿ ಮೂಲದವರು. ಅವರನ್ನು ಹೀಗೆ ಸಾರಾಸಗಟಾಗಿ ಎತ್ತಿಕೊಂಡು ಹೋಗಲಿಲ್ಲ, ಹಿಡಿದಿಟ್ಟದ್ದು ಸುಮಾರು ಎರಡು ಸಾವಿರ ಜನರನ್ನು ಮಾತ್ರ. ಯಾಕೆಂದರೆ ಅವರಿಲ್ಲದೆ ಅಲ್ಲಿ ಕೆಲಸವೇ ನಡೆಯುತ್ತಿರಲಿಲ್ಲ. ಮ್ಯಾಂಜನಾರ್‌ಗೆ ತಂದವರಲ್ಲಿ ಅನಾಥಾಶ್ರಮದ ಮಕ್ಕಳಿದ್ದರು, ಎಳೆ ಕೂಸುಗಳೂ ಇದ್ದವು. ಆ ಕೂಸುಗಳಿಂದ ಯಾವ ಅಪಾಯ? ಸದಾವೊ ಮುನೆಮೋರಿ ಅನ್ನುವ ಲಾಸ್ ಏಂಜಲೀಸ್ ಹುಡುಗ 1945ರ ಏಪ್ರಿಲ್‌ನಲ್ಲಿ ಇಟಲಿಯಲ್ಲಿ ಜೊತೆಗಾರರನ್ನು ಉಳಿಸೋಕೆ ಗ್ರೆನೇಡಿನ ಮೇಲೆ ಬಿದ್ದು ಸತ್ತ. ಆತನಿಗೆ ದೇಶದ ಅತಿ ದೊಡ್ಡ ಸೇನಾ ಪದಕ ಬಂತು. ಮಗ ಅಮೆರಿಕಕ್ಕಾಗಿ ಕಾದಾಡುತ್ತಿದ್ದಾಗ ತಾಯಿಯನ್ನು ಇಟ್ಟಿದ್ದದ್ದು ಮ್ಯಾಂಜನಾರ್‌ನ ಮುಳ್ಳುತಂತಿಯ ಒಳಗೆ. 1988ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನಲ್ಲಿ ಸರ್ಕಾರವೇ ಕ್ಷಮೆ ಕೇಳಿತು, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. ಜನಾಂಗದ್ವೇಷ, ಯುದ್ಧದ ಉನ್ಮಾದ, ನಾಯಕರ ವೈಫಲ್ಯ ಇದಕ್ಕೆ ಕಾರಣ ಅಂತ ಆ ಕಾನೂನಿನಲ್ಲೇ ಬರೆದಿದೆ.

ಇದು ನಮಗೆ ಸಂಬಂಧಿಸಿದ್ದಲ್ಲ ಅನ್ನುವ ನಮ್ಮವರಿಗೆ ನಾನು ಹೇಳುವುದು ಬೇರೆ. ಜಪಾನಿನಿಂದ ಬಂದ ಹಿರಿಯರು ಪೌರತ್ವ ಪಡೆಯುವ ಹಾಗೇ ಇರಲಿಲ್ಲ. 1922ರಲ್ಲಿ ಸುಪ್ರೀಂ ಕೋರ್ಟು ಒಜಾವಾ ಅನ್ನುವವರಿಗೆ ಹಾಗೆ ಹೇಳಿತು. ಮರುವರ್ಷ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿಗೂ ಅದೇ ಕೋರ್ಟು ಅದನ್ನೇ ಹೇಳಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಇವತ್ತು ಇಲ್ಲಿ ಹುಟ್ಟಿದ ನಮ್ಮ ಮಕ್ಕಳ ಕೈಯಲ್ಲಿ ಇರುವ ಪೌರತ್ವವೇ ಅವತ್ತು ಆ ಮಕ್ಕಳ ಕೈಯಲ್ಲೂ ಇತ್ತು. ಬ್ಯಾರಕ್‌ಗೆ ಹೋಗುವುದನ್ನು ಅದು ತಪ್ಪಿಸಲಿಲ್ಲ.

ನಮ್ಮ ದೇಶವೂ ಇದನ್ನು ಮಾಡಿದೆ. 1962ರ ಚೀನಾ ಯುದ್ಧದ ಹೊತ್ತಿಗೆ ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು ರೈಲು ಹತ್ತಿಸಿ ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ಕಳಿಸಿದರು. ತಲೆಮಾರುಗಳಿಂದ ಭಾರತದಲ್ಲೇ ಬಾಳಿದವರು. ಕೆಲವರು ವರ್ಷಗಟ್ಟಲೆ ಒಳಗಿದ್ದರು. ಅವರು ಇವತ್ತಿಗೂ ಕ್ಷಮೆಯ ಒಂದು ಮಾತಿಗಾಗಿ ಕಾಯುತ್ತಿದ್ದಾರೆ. ಈ ಸಂಗತಿ ನಮ್ಮ ಶಾಲೆಯ ಪುಸ್ತಕದಲ್ಲಿ ನಾನಂತೂ ಓದಿರಲಿಲ್ಲ. ಮ್ಯಾಂಜನಾರ್ ಕೂಡ ತಾನಾಗೇ ಉಳಿದದ್ದಲ್ಲ. ಅಲ್ಲೇ ಬಂದಿಯಾಗಿದ್ದ ಸೂ ಕುನಿಟೋಮಿ ಎಂಬ್ರೀ ಮತ್ತು ಜೊತೆಗಾರರು 1969ರಿಂದ ಯಾತ್ರೆ ಶುರುಮಾಡಿ, ಪಟ್ಟು ಹಿಡಿದು ಕೂತದ್ದಕ್ಕೆ 1992ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು.

ಹೋಗುವವರಿಗೆ: ಪ್ರವೇಶ ಉಚಿತ. ಬೇಸಿಗೆಯಲ್ಲಿ ಬೇಡ, ಬಿಸಿಲು ತಡೆಯೋಕಾಗಲ್ಲ. ವಸಂತ ಅಥವಾ ಅಕ್ಟೋಬರ್ ಚೆನ್ನಾಗಿರುತ್ತದೆ. ನೀರು, ಟೋಪಿ ಇರಲಿ. ವಿಸಿಟರ್ ಸೆಂಟರ್‌ನಲ್ಲಿ ಬಂದಿಗಳ ಹೆಸರು ಬರೆದ ದೊಡ್ಡ ಪರದೆ ಇದೆ, ಮಕ್ಕಳಿಗೆ ಅದನ್ನು ಓದಿಸಿ. ಒಳಗೆ ಕಾರಲ್ಲೇ ಸುತ್ತು ಹೊಡೆಯುವ ದಾರಿ ಇದೆ, ಆದರೆ ಕಾರಿಂದ ತೋಟ ಕಾಣುವುದಿಲ್ಲ. 34ನೇ ಬ್ಲಾಕಿನ ಹತ್ತಿರ ಇಳಿದು ನಡೆಯಿರಿ. ಆಗುವುದಾದರೆ ಏಪ್ರಿಲ್ ಕೊನೆಯ ಶನಿವಾರದ ವಾರ್ಷಿಕ ಯಾತ್ರೆಗೆ ಹೋಗಿ. ಅಲ್ಲಿ ಬಾಲ್ಯ ಕಳೆದವರಲ್ಲಿ ಕೆಲವರು ಇನ್ನೂ ಇದ್ದಾರೆ, ಅವರ ಮಕ್ಕಳು ಮೊಮ್ಮಕ್ಕಳಂತೂ ಬಂದೇ ಬರುತ್ತಾರೆ. ಅವರನ್ನು ಮಾತಾಡಿಸಿ.