ಹೈಸ್ಕೂಲು ಮತ್ತು ಟೊಮೆಟೊ ಸೀಸನ್

ಕೋಲಾರದಲ್ಲಿ ಟೊಮೆಟೊ ಸೀಸನ್ ಶುರುವಾದರೆ ನಮ್ಮ ಬಾಲಕರ ಪ್ರೌಢಶಾಲೆಯ ಹಾಜರಿ ಪುಸ್ತಕವೇ ಹೇಳುತ್ತದೆ. ಮೊದಲ ಪೀರಿಯಡ್‌ಗೆ ಹತ್ತನೇ ಕ್ಲಾಸು ಅರ್ಧ ಖಾಲಿ. ಹುಡುಗರು ನಸುಕಿಗೇ ತೋಟಕ್ಕೆ ಹೋಗಿ, ಬಾಕ್ಸ್ ತುಂಬಿ, ಗಾಡಿಗೆ ಏರಿಸಿ ಆಮೇಲೆ ಬರುತ್ತಾರೆ. ಬೆರಳ ತುದಿಯಲ್ಲಿ ಗಿಡದ ಹಸಿರುಗಪ್ಪು ಕಲೆ. ಸೋಪು ಹಾಕಿ ತಿಕ್ಕಿದರೂ ಬೇಗ ಹೋಗಲ್ಲ. ಅವರನ್ನು ಹೊರಗೆ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ. ಅಡುಗೆ ಅಕ್ಕ ಅವರಿಗೆ ಅಂತಲೇ ಹಾಲು ಎತ್ತಿಟ್ಟಿರುತ್ತಾರೆ.

ನಿನ್ನೆ ಗಣಿತದ ಮೇಷ್ಟ್ರು ಶೇಕಡಾ ಲೆಕ್ಕ ಕೊಟ್ಟರು. ಒಬ್ಬ ಹುಡುಗ ಬೋರ್ಡಿನ ಮುಂದೆ ಸುಮ್ನೆ ನಿಂತುಬಿಟ್ಟ. ಅದನ್ನೇ 15 ಕೆಜಿ ಬಾಕ್ಸು, ಮಂಡಿ ಕಮಿಷನ್ನು ಅಂತ ಕೇಳಿದ್ದೇ ತಡ, ಪೆನ್ನು ಹಿಡಿಯದೆ ಉತ್ತರ ಹೇಳಿದ! ಇಂಥ ತಲೆ ಇರುವ ಹುಡುಗ ಫೇಲಾದರೆ ತಪ್ಪು ಯಾರದು?

2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿದೆ. ಒಳ್ಳೆಯದೇ. ಆದರೆ 'ಇನ್ನೂ ಇದೆಯಲ್ಲ ಸಾರ್' ಅನ್ನುವ ಮಾತು ಜಾಸ್ತಿ ಕೇಳಿಸುತ್ತಿದೆ. ಬೇಡ ಕಣ್ರಪ್ಪಾ, ಮೊದಲನೆಯದರಲ್ಲೇ ಮುಗಿಸೋಣ. ಪಿಯು ಸೀಟು, ಐಟಿಐ, ಡಿಪ್ಲೊಮಾ ಎಲ್ಲದಕ್ಕೂ ಆಗ ಆರಾಮಾಗಿ ಓಡಾಡಬಹುದು.

ಶನಿವಾರ ಪೋಷಕರ ಸಭೆ ಇದೆ. ಕೊಯ್ಲು ಇದ್ದರೂ ಒಂದು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಅಮ್ಮಂದಿರೂ ಬನ್ನಿ. ಹುಡುಗರನ್ನು ಬೆಳಗ್ಗೆ ಎಷ್ಟು ಹೊತ್ತಿಗೆ ಬಿಟ್ಟುಕೊಡುತ್ತೀರಿ ಅಂತ ಕೂತು ಮಾತಾಡೋಣ.