ಯೋಚಿಸುತ್ತಿದ್ದ ಮಗುವಿನ ಬಾಯಿ ಮುಚ್ಚಿಸಿದ ಟೈಮ್‌ಔಟ್

ಹಗ್ಗದ ಮೇಲೆ ಹಾಕಿದ ಒದ್ದೆ ಬಟ್ಟೆ ನೆರಳಿನಲ್ಲೂ ಒಣಗುವುದು ಹೇಗೆ? ನಮ್ಮ ವಿಜ್ಞಾನ ಬೋಧಕ ಬಾಟ್ ಹೀಗೆ ಕೇಳಿದಾಗ ಎಂಟನೇ ತರಗತಿಯ ಹುಡುಗಿ "ಗಾಳಿ ಬಂದು..." ಎಂದು ನಿಲ್ಲಿಸಿದಳು. ದೃಷ್ಟಿ ಚಾವಣಿಯತ್ತ, ಬೆರಳು ವೇಲಿನ ಅಂಚನ್ನು ಸುತ್ತುತ್ತಿತ್ತು. ಉತ್ತರ ಅವಳ ನಾಲಿಗೆಯ ತುದಿಯಲ್ಲಿದೆ ಎಂಬುದು ಪಕ್ಕದ ಕೋಣೆಯಲ್ಲಿ ತೆರೆಮರೆಯಿಂದ ಬಾಟಿನ ಮೇಲೆ ಕಣ್ಣಿಡುವ ವಿಝರ್ಡ್ ಕನ್ಸೋಲ್ ಮುಂದೆ ಕುಳಿತಿದ್ದ ನನಗೆ ಕ್ಯಾಮೆರಾದಲ್ಲೇ ಕಾಣುತ್ತಿತ್ತು. ಬಾಟನ್ನು ತಡೆಯಲು ಗುಂಡಿಯೇ ಇರಲಿಲ್ಲ. ಉತ್ತರಕ್ಕೆ ಅದು ಕಾಯುವ ಗಡುವು, ಅಂದರೆ ಟೈಮ್‌ಔಟ್ ಮುಗಿಯಿತು. "ಸರಿಯಾಗಿ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳು" ಎಂದಿತು. ಅವಳು "ಗಾಳಿ" ಎಂದಳು. ಮತ್ತೆ ಮೌನ, ಮತ್ತೆ ಅದೇ ಮಾತು. ಕೊನೆಗೆ "ಗೊತ್ತಿಲ್ಲ" ಎಂದು ಕುರ್ಚಿಗೆ ಒರಗಿದಳು. ಲಾಗ್‌ನಲ್ಲಿ ದಾಖಲಾಗಿದ್ದು: ಪರಿಕಲ್ಪನೆ ತಿಳಿದಿಲ್ಲ.

ಆಮೇಲೆ ನಮ್ಮ ಸಹೋದ್ಯೋಗಿ ಅದೇ ಪ್ರಶ್ನೆ ಕೇಳಿ ಸುಮ್ಮನೆ ಕುಳಿತರು. "ಗಾಳಿ ಬಂದು ಆವಿಯನ್ನು ಹೊತ್ತುಕೊಂಡು ಹೋಗುತ್ತದೆ, ಅದಕ್ಕೇ ಇನ್ನಷ್ಟು ನೀರು ಆವಿಯಾಗುತ್ತದೆ" ಎಂದಳು ಹುಡುಗಿ.

ಇದರಲ್ಲಿ ಹೊಸದೇನೂ ಇಲ್ಲ ಎಂಬುದೇ ನನ್ನ ಸಿಟ್ಟು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೆಂಫಿಸ್ ವಿಶ್ವವಿದ್ಯಾಲಯದ ಆಟೋಟ್ಯೂಟರ್ ಎಂಬ ಬೋಧಕ ಪ್ರೋಗ್ರಾಂ ಅರೆಬರೆ ಉತ್ತರ ಬಂದರೆ "ಹೂಂ, ಇನ್ನೇನು?" ಎನ್ನುವಂಥ 'ಪಂಪ್', ಅಂದರೆ ಮಾತು ಮುಂದುವರಿಸಲು ಪ್ರೇರೇಪಿಸುವ ನುಡಿ, ಹಾಕುತ್ತಿತ್ತು.

ನಮ್ಮ ಮೇಲಿನವರ ಪಟ್ಟಿಯಲ್ಲಿ 'ಪ್ರತಿಕ್ರಿಯೆ ಸಮಯ' ಎಂಬುದು ಒಂದೇ ಸಾಲು. ಮಗು ಮಾತು ಮುಗಿಸಿದ ಮೇಲೆ ಬಾಟ್ ತಡಮಾಡುವುದು ಬೇರೆ, ಮಾತು ಮುಗಿಯಿತೇ ಎಂದು ತೀರ್ಮಾನಿಸಲು ಕಾಯುವುದು ಬೇರೆ. ಮೊದಲನೆಯದು ಎಷ್ಟು ಇಳಿದರೂ ಒಳ್ಳೆಯದೇ. ಎರಡನೆಯದಕ್ಕೆ ಕತ್ತರಿ ಹಾಕಿದರೆ ಅದು ಬೀಳುವುದು ಮಗುವಿನ ಯೋಚನೆಯ ಮೇಲೆ. ಧನಸಹಾಯ ಕೊಡುವವರ ಮುಂದೆ ಡೆಮೊ ಚುರುಕಾಗಿ ಕಾಣಲೆಂದು ಎರಡನ್ನೂ ಒಟ್ಟಿಗೇ ಇಳಿಸಲಾಗಿತ್ತು. ಸಾಲದ್ದಕ್ಕೆ, ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. 'ಬಂದು' ಎಂದು ನಿಂತ ವಾಕ್ಯ ಮುಗಿದಿಲ್ಲ ಎಂಬುದು ನಮಗೆಲ್ಲ ಗೊತ್ತು. ಮೌನವನ್ನಷ್ಟೇ ಅಳೆದು ಮಾತು ಮುಗಿಯಿತೆಂದು ತೀರ್ಮಾನಿಸುವ ಬಾಟಿನ ಎಂಡ್‌ಪಾಯಿಂಟರ್‌ಗೆ ಗೊತ್ತಿಲ್ಲ.

ಈಗ 'ಏಕೆ', 'ಹೇಗೆ' ಪ್ರಶ್ನೆಗಳಿಗೆ ಮೂರು ಸೆಕೆಂಡು ಸಿಕ್ಕಿದೆ. ಕನ್ಸೋಲ್‌ಗೆ ತಡೆಗುಂಡಿಯೂ ಬಂದಿದೆ. ಟೈಮ್‌ಔಟ್ ಆದ ಮೇಲೆ ಬರುವ 'ಗೊತ್ತಿಲ್ಲ'ಗಳನ್ನು ತಪ್ಪು ಉತ್ತರದ ಲೆಕ್ಕಕ್ಕೆ ಸೇರಿಸಬಾರದು ಎಂಬ ನನ್ನ ವಾದ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮುಂದಿನ ಶಾಲಾ ಭೇಟಿಗೆ ಮೊದಲೇ ಆಗಬೇಕು, ಏಕೆಂದರೆ ಆ ಮಗುವಿನ ಶಿಕ್ಷಕರ ಕೈ ಸೇರುವುದು ಅದೇ ಲೆಕ್ಕ.